ಇದ್ದಿಲು ಉಸಿರಾಡಿದ ಬಸ್ಸುಗಳು

ರಜೆಯ ದಿನ ಬೆಳಿಗ್ಗೆ ಕಾರ್ಕಳದ ಬಡಾವಣೆಗಳಲ್ಲಿ ಅಡ್ಡಾಡಿದರೆ ಮನೆಯಂಗಳದಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ ಕಾರು, ಅದರೊಳಗೆ ತಲೆ ತೂರಿಸಿದ ಯುವಕ ಕಾಣಸಿಗುವುದುಂಟು. ಕೆಟ್ಟುಹೋದ ಕಾರಲ್ಲ ಅದು. ಕಂಪನಿಯವರು ಕೂರಿಸಿಕೊಟ್ಟ ಕಪ್ಪು ಪ್ಲಾಸ್ಟಿಕ್ಕಿನ ಗಾಳಿ ಪೆಟ್ಟಿಗೆಯನ್ನು ಬಿಚ್ಚಿ, ಆ ಜಾಗಕ್ಕೆ ಅಗಲವಾದ ಕೊಳವೆಯನ್ನೂ ಶಂಕುವಿನಾಕಾರದ ಫಿಲ್ಟರನ್ನೂ ಜೋಡಿಸುವ ಉತ್ಸಾಹ. ಕೈಯಲ್ಲೊಂದು ಸ್ಪ್ಯಾನರು, ನಾಲ್ಕಾರು ಕ್ಲಿಪ್ಪು, ಸಲಹೆ ಕೊಡಲು ಒಬ್ಬ ಗೆಳೆಯ ಇದ್ದರೆ ಮಧ್ಯಾಹ್ನದ ಊಟದೊಳಗೆ ಮುಗಿಯುವ ಕೆಲಸ. ಇದರಿಂದ ಎಂಜಿನ್ನಿಗೆ ಹೆಚ್ಚು ಗಾಳಿ ಸಿಗುತ್ತದೆ, ಗಾಡಿ ಇನ್ನಷ್ಟು ಚುರುಕಾಗುತ್ತದೆ ಎಂಬುದು ನಂಬಿಕೆ. ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೆ ಸಿಗುವ ಲಾಭಕ್ಕಿಂತ ಸದ್ದು ದೊಡ್ಡದು ಎನ್ನುವ ಮೆಕ್ಯಾನಿಕ್ಕುಗಳೂ ಇದ್ದಾರೆ.

ಎಂಜಿನ್ ಎಂಬುದು ಎಣ್ಣೆ ಕುಡಿಯುವ ಯಂತ್ರ ಎಂದೇ ಎಲ್ಲರ ಎಣಿಕೆ. ನಿಜಕ್ಕೂ ಅದು ಗಾಳಿ ಕುಡಿಯುವ ಯಂತ್ರ. 1 ಲೀಟರ್ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಸುಮಾರು 9,000 ಲೀಟರ್ ಗಾಳಿ ಬೇಕು. ಆ ಗಾಳಿ ತಣ್ಣಗಿದ್ದಷ್ಟೂ ಒಳ್ಳೆಯದು, ಏಕೆಂದರೆ ಬಿಸಿಯಾದ ಗಾಳಿ ಹಿಗ್ಗಿ ತೆಳುವಾಗುತ್ತದೆ. 30 ಡಿಗ್ರಿಯ ಗಾಳಿಗೆ ಬದಲು 60 ಡಿಗ್ರಿಯ ಗಾಳಿಯನ್ನು ಎಳೆದುಕೊಂಡ ಎಂಜಿನ್ನಿಗೆ ಪ್ರತಿ ಉಸಿರಿನಲ್ಲೂ ಸುಮಾರು ಹತ್ತನೆಯ ಒಂದು ಪಾಲು ಖೋತಾ. ಗಾಳಿ ಶುದ್ಧವಾಗಿರಬೇಕು, ದಾರಿಯಲ್ಲಿ ಎಲ್ಲಿಯೂ ಸೋರಿಕೆ ಇರಬಾರದು, ಇಂಧನದೊಂದಿಗೆ ಹದವಾಗಿ ಬೆರೆಯಬೇಕು. ತಂಪು, ಶುದ್ಧಿ, ಬಿಗಿ, ಹದ: ಇಷ್ಟನ್ನು ಅರಿತವನಿಗೆ ಎಂಜಿನ್ನಿನ ಮೂಗಿನ ವಿದ್ಯೆ ಬಹುಮಟ್ಟಿಗೆ ಒಲಿದಂತೆ.

ಈ ವಿದ್ಯೆ ಈ ಊರಿಗೆ ಹೊಸದಲ್ಲ. 80 ವರ್ಷಗಳ ಹಿಂದೆ ಇದೇ ರಸ್ತೆಗಳಲ್ಲಿ ಓಡುತ್ತಿದ್ದ ಬಸ್ಸುಗಳ ಎಂಜಿನ್ನುಗಳಿಗೂ ಹೊರಗಿನಿಂದ ತಂದ ಹೊಸ ಮೂಗನ್ನು ಜೋಡಿಸಲಾಗಿತ್ತು. ಆದರೆ ಅಂದಿನ ಉದ್ದೇಶ ವೇಗವಲ್ಲ. ಆ ಸಲಕರಣೆಯನ್ನು ಕೂರಿಸಿದೊಡನೆ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು. ಹಾಗಿದ್ದೂ ಅದನ್ನು ಕೂರಿಸಿದರು. ಕೂರಿಸದಿದ್ದರೆ ಬಸ್ಸೇ ಇಲ್ಲ.

ರೈಲಿಲ್ಲದ ಸೀಮೆ

ಆಗ ಕಾರ್ಕಳ, ಉಡುಪಿ ಎಲ್ಲವೂ ಮದ್ರಾಸ್ ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. 1907ರಲ್ಲಿ ಮಂಗಳೂರಿಗೆ ಬಂದ ರೈಲು ಅಲ್ಲಿಂದ ಉತ್ತರಕ್ಕೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಕೊಂಕಣ ರೈಲು ಪೂರ್ಣವಾಗಲು 1998 ಬರಬೇಕಾಯಿತು. ಆಗಲೂ ಅದು ಕರಾವಳಿಯ ಅಂಚಿನಲ್ಲಿ ಮುಲ್ಕಿ, ಉಡುಪಿಯ ಮೂಲಕ ಸಾಗಿತೇ ಹೊರತು ಕಾರ್ಕಳದ ಕಡೆ ತಿರುಗಲಿಲ್ಲ. ಕಡಲ ಬದಿಯ ದಾರಿಯಲ್ಲಿ ಕೂಳೂರು, ಮುಲ್ಕಿ, ಉದ್ಯಾವರದ ಹೊಳೆಗಳು ಅಡ್ಡ. ಸೇತುವೆ ಇಲ್ಲದ ಕಾಲದಲ್ಲಿ ಪ್ರತಿಯೊಂದು ಕಡವಿನಲ್ಲೂ ದೋಣಿಗೆ ಕಾಯಬೇಕು. ಹಾಗಾಗಿ ಗುರುಪುರ, ಮೂಡುಬಿದಿರೆ, ಕಾರ್ಕಳದ ಮೂಲಕ ಹಾದುಹೋಗುವ ಒಳನಾಡಿನ ದಾರಿಗೆ ಇಂದಿನವರು ಊಹಿಸಲಾರದಷ್ಟು ಮಹತ್ವ ಇತ್ತು. ಘಟ್ಟದ ಮೇಲಿನ ಸೀಮೆಗೆ ಹೋಗುವವರಿಗೂ ಕಾರ್ಕಳವೇ ಬಾಗಿಲು.

ಈ ಸೀಮೆಯಲ್ಲಿ ಮೋಟಾರು ಉದ್ಯಮ ಬೇರೂರಿದ್ದು ಬೇಗ. ಮಂಗಳೂರಿನ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪನಿ, ಅಂದರೆ ಜನರ ಬಾಯಲ್ಲಿ ಸಿ.ಪಿ.ಸಿ., 1914ರಲ್ಲೇ ಹುಟ್ಟಿತು. ಮೂವತ್ತರ ದಶಕದ ಹೊತ್ತಿಗೆ ಅಂಚೆ ಚೀಲ, ಕೋರ್ಟಿಗೆ ಹೋಗುವ ಕಕ್ಷಿದಾರರು, ಶಾಲೆಗೆ ಹೋಗುವ ಮಕ್ಕಳು, ಮದುವೆಯ ದಿಬ್ಬಣ ಎಲ್ಲವೂ ಬಸ್ಸನ್ನು ನಂಬಿದ್ದವು. ಬಸ್ಸುಗಳೆಂದರೆ ಷೆವರ್ಲೆ, ಫೋರ್ಡ್, ಫಾರ್ಗೊ ಮುಂತಾದ ವಿದೇಶಿ ಚಾಸಿಗಳ ಮೇಲೆ ಇಲ್ಲಿಯ ಬಡಗಿಗಳು ಮರದ ಗೂಡು ಕಟ್ಟಿದ ಗಾಡಿಗಳು. ಕುಡಿಯುತ್ತಿದ್ದುದು ಪೆಟ್ರೋಲು.

ಎರಡನೆಯ ಮಹಾಯುದ್ಧದ ಬಿಸಿ ಈ ಬಸ್ಸುಗಳಿಗೆ ತಟ್ಟಿದ್ದು 1941ರಲ್ಲಿ, ಪೆಟ್ರೋಲಿಗೆ ರೇಶನ್ ಬಂದಾಗ. ಮರುವರ್ಷ ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸಿತು. ಭಾರತಕ್ಕೆ ಎಣ್ಣೆ ಒದಗಿಸುತ್ತಿದ್ದ ಮುಖ್ಯ ಮೂಲಗಳಲ್ಲಿ ಬರ್ಮಾ ಒಂದು. 1942ರ ಮಾರ್ಚಿನಲ್ಲಿ ರಂಗೂನ್ ಜಪಾನೀಯರ ಕೈಸೇರಿತು. ಹಿಂದೆ ಸರಿಯುತ್ತಿದ್ದ ಬ್ರಿಟಿಷರು ಶತ್ರುವಿಗೆ ಸಿಗಬಾರದೆಂದು ಅಲ್ಲಿಯ ಶುದ್ಧೀಕರಣ ಘಟಕವನ್ನೂ, ಏಪ್ರಿಲ್‌ನಲ್ಲಿ ಯೆನಾಂಗ್‌ಯಾಂಗಿನ ಎಣ್ಣೆ ಬಾವಿಗಳನ್ನೂ ತಾವೇ ಹಾಳುಗೆಡವಿದರು. ಅಸ್ಸಾಮಿನ ದಿಗ್ಬೋಯಿಯಲ್ಲಿ ಸಿಗುತ್ತಿದ್ದುದು ಅಲ್ಪ. ಹಡಗಿನಲ್ಲಿ ಬಂದದ್ದು ಸೈನ್ಯಕ್ಕೆ ಮೊದಲು. ಫೆಬ್ರವರಿಯಲ್ಲಿ ಸಿಂಗಾಪುರ ಬಿದ್ದು ಮಲಯದ ರಬ್ಬರೂ ಕೈತಪ್ಪಿದ್ದರಿಂದ ಟಯರಿಗೂ ಬರ. ಕೂಪನ್ನಿಗೆ ಸಿಕ್ಕ ಪೆಟ್ರೋಲಿನಲ್ಲಿ ಬಸ್ಸು ಓಡಿಸಿ ಜಿಲ್ಲೆಯನ್ನು ನಡೆಸುವುದು ಆಗದ ಮಾತು. ಆಗ ಬಂತು ಗ್ಯಾಸ್ ಪ್ಲಾಂಟ್.

ಒಲೆಯನ್ನು ಬೆನ್ನಿಗೆ ಕಟ್ಟಿಕೊಂಡು

ಇದ್ದಿಲಿನಿಂದ ಮೋಟಾರು ಓಡಿಸುವ ಉಪಾಯ ಯುದ್ಧಕಾಲದ ಕಂಡುಹಿಡಿಕೆಯಲ್ಲ. ಘನ ಇಂಧನವನ್ನು ಉರಿಯುವ ಅನಿಲವನ್ನಾಗಿ ಮಾಡುವ ಕುಲುಮೆಗಳು ಯುರೋಪಿನಲ್ಲಿ 19ನೆಯ ಶತಮಾನದಿಂದಲೇ ಇದ್ದವು. 1920ರ ದಶಕದಲ್ಲಿ ಫ್ರಾನ್ಸಿನ ಅಲ್ಸೇಸ್ ಸೀಮೆಯ ಜಾರ್ಜ್ ಇಂಬೆರ್ ಎಂಬ ರಸಾಯನ ವಿಜ್ಞಾನಿ ಅದನ್ನು ವಾಹನದ ಮೇಲೆ ಹೊರಬಹುದಾದ ಗಾತ್ರಕ್ಕೆ ತಂದ. ಪೆಟ್ರೋಲು ಅಗ್ಗವಾಗಿದ್ದಷ್ಟು ದಿನ ಅದರ ಕಡೆ ಹೆಚ್ಚು ಜನ ತಿರುಗಿ ನೋಡಲಿಲ್ಲ. ಯುದ್ಧ ಬಂದದ್ದೇ ತಡ, ಜರ್ಮನಿಯಲ್ಲಿ ಇಂಥ ಗಾಡಿಗಳ ಸಂಖ್ಯೆ ಸುಮಾರು 5 ಲಕ್ಷಕ್ಕೆ ಏರಿತು. ಯುದ್ಧದಲ್ಲಿ ತಟಸ್ಥವಾಗಿದ್ದರೂ ಎಣ್ಣೆ ಸಿಗದೆ ಕಂಗೆಟ್ಟ ಸ್ವೀಡನ್ನಿನಲ್ಲಿ 70,000ಕ್ಕೂ ಹೆಚ್ಚು ವಾಹನಗಳು ಕಟ್ಟಿಗೆ, ಇದ್ದಿಲನ್ನೇ ನಂಬಿದವು. ದಕ್ಷಿಣ ಭಾರತದಲ್ಲಿ ಮಧುರೆಯ ಟಿ.ವಿ. ಸುಂದರಂ ಅಯ್ಯಂಗಾರ್ ಸಂಸ್ಥೆ ತನ್ನ ದೊಡ್ಡ ಬಸ್ಸು ಪಡೆಯನ್ನು ನಡೆಸಲು ತಾನೇ ಒಂದು ಗ್ಯಾಸ್ ಪ್ಲಾಂಟನ್ನು ರೂಪಿಸಿ ತಯಾರಿಸಿತು. ಟಿ.ವಿ.ಎಸ್. ಗ್ಯಾಸ್ ಪ್ಲಾಂಟ್ ಎಂದೇ ಅದಕ್ಕೆ ಹೆಸರು.

ಬಸ್ಸಿನ ಹಿಂಬದಿಗೆ ಆಳೆತ್ತರದ ಒಂದು ತಗಡಿನ ಕೊಳಗ. ಮೇಲಿನಿಂದ ಇದ್ದಿಲು ಸುರಿದು ಮುಚ್ಚಳ ಬಿಗಿಯುವುದು. ಬುಡದಲ್ಲಿ ಬೆಂಕಿ. ನಮ್ಮ ಅಡುಗೆಯ ಒಲೆಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ: ಒಲೆಗೆ ಧಾರಾಳವಾಗಿ ಗಾಳಿ ಬೇಕು, ಇಲ್ಲಿ ಬೇಕೆಂದೇ ಗಾಳಿಯನ್ನು ಬಿಗಿಹಿಡಿಯುತ್ತಾರೆ. ಬುಡದಲ್ಲಿ ಇದ್ದಿಲು ಉರಿದಾಗ ಹುಟ್ಟುವ ಇಂಗಾಲದ ಡೈ ಆಕ್ಸೈಡು ಕೆಂಪಗೆ ಕಾದ ಇದ್ದಿಲಿನ ನಡುವೆ ಹಾದುಹೋಗುವಾಗ ತನ್ನ ಆಮ್ಲಜನಕದ ಅರ್ಧವನ್ನು ಕಳೆದುಕೊಂಡು ಕಾರ್ಬನ್ ಮೊನಾಕ್ಸೈಡು ಆಗುತ್ತದೆ. ಇದು ಉರಿಯುವ ಅನಿಲ. ಸ್ವಲ್ಪ ನೀರಿನ ಆವಿ ಸೇರಿಸಿದರೆ ಜಲಜನಕವೂ ಹುಟ್ಟುತ್ತದೆ. ಆದರೆ ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ. ಅದು ಉರಿಯುವುದೂ ಇಲ್ಲ, ಬಿಟ್ಟು ಹೋಗುವುದೂ ಇಲ್ಲ. ಹೀಗಾಗಿ ಕೊಳಗದಿಂದ ಹೊರಬರುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬರಿಯ ಹೊರೆ.

ಈ ಅನಿಲವನ್ನು ಎಂಜಿನ್ನಿಗೆ ತಳ್ಳಲು ಪಂಪು ಇರಲಿಲ್ಲ. ಎಂಜಿನ್ ತನ್ನ ಉಸಿರಿನಿಂದಲೇ ಅದನ್ನು ಎಳೆದುಕೊಳ್ಳಬೇಕು. ಕೊಳಗದಿಂದ ಹೊರಟ ಅನಿಲ ಕೈಯಿಟ್ಟರೆ ಸುಡುವಷ್ಟು ಬಿಸಿ. 300 ಡಿಗ್ರಿಯ ಅನಿಲವನ್ನು ಹಾಗೆಯೇ ಕುಡಿಸಿದರೆ, 40 ಡಿಗ್ರಿಗೆ ತಣಿಸಿ ಕುಡಿಸಿದಾಗ ಒಳಸೇರುವುದರ ಅರ್ಧದಷ್ಟೇ ಒಳಗೆ ಹೋಗುತ್ತದೆ. ಅದಕ್ಕಾಗಿ ಉದ್ದುದ್ದ ಕೊಳವೆಗಳಲ್ಲಿ ಸುತ್ತಿಸಿ, ಓಡುವ ಬಸ್ಸಿನ ಗಾಳಿಗೆ ಒಡ್ಡಿ ತಣಿಸುತ್ತಿದ್ದರು. ಇಂದು ತಂಪು ಗಾಳಿಯ ಆಸೆಗೆ ಕೊಳವೆಯನ್ನು ಎಂಜಿನ್ನಿನ ಬಿಸಿಯಿಂದ ದೂರಕ್ಕೆ, ಬಂಪರಿನ ಬಳಿಗೆ ಒಯ್ಯುವ ಯುವಕ ಮಾಡುವುದೂ ಇದೇ ಲೆಕ್ಕ. ಹಾಗೆ ನೋಡಿದರೆ ಆತನಿಗೆ ಸಿಗುವುದು ನೂರಕ್ಕೆ ಕೆಲವು ಪಾಲಿನ ಲಾಭ. ಬಸ್ಸಿನವರಿಗೆ ಅದು ಏರು ಹತ್ತುವ, ಹತ್ತದಿರುವ ಪ್ರಶ್ನೆ.

ತಣಿಸಿದ ಮೇಲೆ ಸೋಸುವುದು. ಇದ್ದಿಲಿನ ಬೂದಿಯಲ್ಲಿ ಮರಳಿನಂಥ ಗಡುಸು ಕಣಗಳಿರುತ್ತವೆ. ಅವು ಸಿಲಿಂಡರಿಗೆ ಇಳಿದರೆ ಉಪ್ಪುಕಾಗದದಿಂದ ಉಜ್ಜಿದ ಹಾಗೆ. ಪಿಸ್ಟನ್ನಿನ ಬಳೆಗಳು ಸವೆಯುತ್ತವೆ, ಎಂಜಿನ್ ಆಯಿಲು ಕಪ್ಪು ರಾಡಿಯಾಗುತ್ತದೆ. ಆದ್ದರಿಂದ ಬಟ್ಟೆಯ ಚೀಲ, ನೀರು, ಎಣ್ಣೆಯಲ್ಲಿ ಅದ್ದಿದ ನಾರು ಹೀಗೆ ಬಗೆಬಗೆಯ ಶೋಧಕಗಳು. ಬ್ರಿಟನ್ನಿನ ಪ್ಲಾಂಟುಗಳಲ್ಲಿ ಸಿಸಾಲ್, ಅಂದರೆ ಕತ್ತಾಳೆಯ ಜಾತಿಯ ನಾರು ಬಳಕೆಯಲ್ಲಿತ್ತು. ಸೋಸುವ ಪದರ ದಪ್ಪವಾದಷ್ಟೂ ಅನಿಲ ಶುದ್ಧ. ಆದರೆ ದಪ್ಪವಾದಷ್ಟೂ ಎಂಜಿನ್ನಿಗೆ ಉಸಿರುಗಟ್ಟುತ್ತದೆ. ಈ ಜಗ್ಗಾಟ ಇಂದಿನ ಫಿಲ್ಟರು ಮಾರುವವರಿಗೂ ತಪ್ಪಿಲ್ಲ.

ಕೊನೆಯದು ಬೆರಕೆಯ ಕವಾಟ. ಪೆಟ್ರೋಲಿಗಾದರೆ ತೂಕದಲ್ಲಿ 1ಕ್ಕೆ ಸುಮಾರು 15 ಪಾಲು ಗಾಳಿ ಬೇಕು, ಆ ಲೆಕ್ಕವನ್ನು ಕಾರ್ಬ್ಯುರೇಟರ್ ತಾನೇ ನೋಡಿಕೊಳ್ಳುತ್ತದೆ. ಇದ್ದಿಲು ಅನಿಲಕ್ಕೆ ಹೆಚ್ಚುಕಡಿಮೆ ಅಳತೆಗೆ ಅಳತೆ ಗಾಳಿ. ಕಾರ್ಬ್ಯುರೇಟರಿನ ಪಕ್ಕದಲ್ಲೇ ಇನ್ನೊಂದು ಕವಾಟ ಕೂರಿಸಿ, ಅದರ ಹಿಡಿಯನ್ನು ಡ್ರೈವರನ ಕೈಗೆ ಕೊಟ್ಟರು. ಬೆಂಕಿ ಒಂದೇ ಸಮನೆ ಉರಿಯುವ ಜಾತಿಯದಲ್ಲವಾದ್ದರಿಂದ ಅನಿಲದ ಗುಣ ನಿಮಿಷಕ್ಕೊಂದು ತೆರ. ಸ್ಟೀರಿಂಗು, ಗೇರು, ಹಾರ್ನು ಸಾಲದೆಂಬಂತೆ ಡ್ರೈವರನು ಎಂಜಿನ್ನಿನ ದನಿಗೆ ಕಿವಿಗೊಟ್ಟು ಈ ಹಿಡಿಯನ್ನೂ ಕೂದಲೆಳೆಯಷ್ಟು ಅತ್ತಿತ್ತ ಆಡಿಸುತ್ತಿರಬೇಕು. ಇಂದು ಕಂಪ್ಯೂಟರಿನ ಚಿಪ್ಪು ಮಾಡುವ ಕೆಲಸವನ್ನು ಅಂದು ಒಂದು ಕಿವಿ, ಒಂದು ಕೈ ಮಾಡುತ್ತಿದ್ದವು.

ಇಷ್ಟೆಲ್ಲ ಮಾಡಿದರೂ ಶಕ್ತಿಯ ಲೆಕ್ಕ ನಿರಾಶೆಯದೇ. ಪೆಟ್ರೋಲು ಬೆರೆತ ಒಂದು ಉಸಿರು ಗಾಳಿಯಲ್ಲಿರುವ ಶಾಖದ ಮೂರರಲ್ಲಿ ಎರಡು ಪಾಲು ಮಾತ್ರ ಅನಿಲ ಬೆರೆತ ಉಸಿರಿನಲ್ಲಿರುತ್ತದೆ. ಕೊಳವೆ, ಶೋಧಕಗಳ ತಡೆ, ಉಳಿದ ಬಿಸಿ ಎಲ್ಲ ಸೇರಿ ಇನ್ನಷ್ಟು ನಷ್ಟ. ಸಾಲದ್ದಕ್ಕೆ ಪ್ಲಾಂಟು, ಇದ್ದಿಲಿನ ಚೀಲಗಳ ಭಾರ. ಜಾಣ ಮೆಕ್ಯಾನಿಕ್ಕುಗಳಿಗೆ ಕಳೆದುಕೊಂಡದ್ದನ್ನು ಸ್ವಲ್ಪ ಮರಳಿ ಪಡೆಯುವ ದಾರಿಗಳೂ ಇದ್ದವು. ಈ ಅನಿಲ ನಿಧಾನವಾಗಿ ಉರಿಯುವುದರಿಂದ ಸ್ಪಾರ್ಕನ್ನು ಇನ್ನೂ ಮುಂಚಿತವಾಗಿ ಕೊಡಬೇಕು. ಪೆಟ್ರೋಲಿನ ಹಾಗೆ ಅದು ಒತ್ತಡಕ್ಕೆ ಸಿಡಿಯುವುದಿಲ್ಲವಾದ್ದರಿಂದ ಸಿಲಿಂಡರ್ ಹೆಡ್ಡನ್ನು ಕೆರೆದು ತೆಳುಮಾಡಿ ಒಳಗಿನ ಒತ್ತಡವನ್ನು ಹೆಚ್ಚಿಸಬಹುದು. ಹೆಡ್ ಕೆರೆಯುವುದು, ಟೈಮಿಂಗ್ ಮುಂದೆ ತರುವುದು: ಇವೆರಡೂ ಇಂದಿಗೂ ವೇಗದ ಹುಚ್ಚಿನವರ ಗ್ಯಾರೇಜುಗಳಲ್ಲಿ ಕೇಳಿಬರುವ ಮಾತುಗಳೇ.

ಕ್ಲೀನರನ ಬೆಳಗು

ಈ ಕಥೆಯಲ್ಲಿ ಕಂಪನಿಯ ಮಾಲಕರಿಗಿಂತ, ಡ್ರೈವರಿಗಿಂತ ಹೆಚ್ಚು ಬೆವರು ಸುರಿಸಿದವನು ಕ್ಲೀನರ್. ಪೆಟ್ರೋಲಿನ ಕಾಲದಲ್ಲಿ ಗಾಡಿ ತೊಳೆದು, ಹಿಡಿ ತಿರುಗಿಸಿ ಸ್ಟಾರ್ಟ್ ಮಾಡಿ, ಟಾಪಿನ ಮೇಲೆ ಸಾಮಾನು ಹೇರಿದರೆ ಅವನ ಕೆಲಸ ಬಹುಮಟ್ಟಿಗೆ ಮುಗಿಯುತ್ತಿತ್ತು. ಗ್ಯಾಸ್ ಪ್ಲಾಂಟ್ ಬಂದ ಮೇಲೆ ಅವನು ಒಲೆಯ ಒಕ್ಕಲಾದ. ಮೊದಲ ಬಸ್ಸು ಹೊರಡುವ ಎಷ್ಟೋ ಹೊತ್ತು ಮುಂಚೆ ಎದ್ದು ಹಿಂದಿನ ದಿನದ ಬೂದಿ, ಕರಗಿ ಗಟ್ಟಿಯಾದ ಕಿಟ್ಟ ಎಲ್ಲವನ್ನೂ ಕೆದಕಿ ತೆಗೆಯಬೇಕು. ಇದ್ದಿಲನ್ನು ಜರಡಿ ಹಿಡಿದು ಪುಡಿ ಬೇರೆ ಮಾಡಬೇಕು. ತುಂಡು ತೀರ ದೊಡ್ಡದಾದರೆ ನಡುವೆ ಗಾಳಿ ನುಗ್ಗುತ್ತದೆ, ಪುಡಿಯಾದರೆ ದಾರಿ ಕಟ್ಟುತ್ತದೆ. ತುಂಬಿ, ಬೆಂಕಿ ಹೊತ್ತಿಸಿ, ಕೈಯಿಂದ ತಿರುಗಿಸುವ ಬೀಸಣಿಗೆಯ ಹಿಡಿಯನ್ನು ಹತ್ತು ಹದಿನೈದು ನಿಮಿಷ ತಿರುಗಿಸಬೇಕು. ಪರೀಕ್ಷೆಯ ಕೊಳವೆಯ ಬಾಯಿಗೆ ಬೆಂಕಿ ಹಿಡಿದಾಗ ಅನಿಲ ಒಂದೇ ಸಮ ಉರಿದರೆ ಸರಿ, ಇಲ್ಲವಾದರೆ ಮತ್ತೆ ಬೀಸಣಿಗೆ. ಕೂಪನ್ನಿನ ಪೆಟ್ರೋಲು ಒಂದಿಷ್ಟು ಉಳಿದಿದ್ದರೆ ಅದರಲ್ಲೇ ಸ್ಟಾರ್ಟ್ ಮಾಡಿ, ಆಮೇಲೆ ಅನಿಲಕ್ಕೆ ಹೊರಳಿಸುವುದೂ ಇತ್ತು.

ದಾರಿಯಲ್ಲೂ ಅವನಿಗೆ ಬಿಡುವಿಲ್ಲ. ಕೊಳಗದೊಳಗೆ ಇದ್ದಿಲು ಒಮ್ಮೊಮ್ಮೆ ಕಮಾನಿನಂತೆ ಕಟ್ಟಿಕೊಂಡು ಮೇಲೆಯೇ ನಿಂತುಬಿಡುತ್ತದೆ. ಬುಡದಲ್ಲಿ ಬೆಂಕಿ ಖಾಲಿ, ಎಂಜಿನ್ನಿಗೆ ಏದುಸಿರು. ಆಗ ಸಲಾಕೆ ಹಿಡಿದು ಚುಚ್ಚಬೇಕು. ಮುಚ್ಚಳ ತೆರೆಯುವಾಗ ಗಾಳಿ ಒಳನುಗ್ಗಿ ಒಮ್ಮೆಲೆ ಜ್ವಾಲೆ ಎದ್ದು ಹುಬ್ಬು, ಮೀಸೆ ಸುಡುವ ಅಪಾಯ. ಏರಿನಲ್ಲಿ ಬಸ್ಸು ನಿಂತಾಗ ಪ್ರಯಾಣಿಕರು ಇಳಿದು ನಡೆದದ್ದು, ಕೆಲವೊಮ್ಮೆ ಹಿಂದಿನಿಂದ ತಳ್ಳಿದ್ದು, ಬಿಳಿ ಪಂಚೆಗೆ ಮಸಿ ಮೆತ್ತಿಸಿಕೊಂಡು ನೆಂಟರ ಮನೆ ಸೇರಿದ್ದು ಹಿರಿಯರು ನಗುತ್ತ ಹೇಳಿಕೊಂಡು ಬಂದ ಸಂಗತಿಗಳು. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಟ್ಟದಲ್ಲಿ 14 ಹಿಮ್ಮುರಿ ತಿರುವುಗಳಿವೆ. ಪೂರ್ಣ ಶಕ್ತಿಯ ಗಾಡಿಗೇ ಅದು ಸತ್ವಪರೀಕ್ಷೆ. ಅರ್ಧ ಉಸಿರಿನ ಬಸ್ಸಿಗೆ ಇಂಥ ದಾರಿ ಏನಾಗಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಮಳೆಗಾಲದ ಪಾಡು ಬೇರೆಯೇ. ಕಾರ್ಕಳದಲ್ಲಿ ವರ್ಷಕ್ಕೆ 4,000 ಮಿಲ್ಲಿಮೀಟರಿಗೂ ಮೀರಿ ಮಳೆ. ಇದ್ದಿಲು ಗಾಳಿಯ ತೇವವನ್ನು ಹೀರುವ ವಸ್ತು. ಹದವಾದ ಆವಿ ಅನಿಲಕ್ಕೆ ಬಲ ಕೊಟ್ಟರೆ, ತೋಯ್ದ ಇದ್ದಿಲು ಬೆಂಕಿಯನ್ನೇ ತಣಿಸಿಬಿಡುತ್ತದೆ. ಆಷಾಢದ ಜಡಿಮಳೆಯಲ್ಲಿ ಚೀಲಗಳನ್ನು ಒಣಗಿಸಿ ಇಟ್ಟುಕೊಳ್ಳುವುದು ಬಸ್ಸು ನಡೆಸುವುದಕ್ಕಿಂತ ಸಣ್ಣ ಕೆಲಸವಲ್ಲ. ಜರ್ಮನಿ, ಸ್ವೀಡನ್ನುಗಳ ತಂತ್ರಜ್ಞರಿಗೆ ಮಂಜಿನ ಚಿಂತೆ ಇತ್ತು. ಹೀಗೆ ತಿಂಗಳುಗಟ್ಟಲೆ ಸುರಿಯುವ ಮಳೆಯ ಚಿಂತೆ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಆಕ್ರಮಿಸಿಕೊಳ್ಳುತ್ತದೆ. ತಲೆನೋವು, ವಾಂತಿ, ಜೋಂಪು, ಆಮೇಲೆ ಸಾವು. ವಿಚಿತ್ರವೆಂದರೆ ಬಸ್ಸು ಓಡುತ್ತಿರುವಾಗ ಅಪಾಯ ಕಡಿಮೆ. ಎಂಜಿನ್ ಎಳೆಯುತ್ತಿರುವಾಗ ಕೊಳವೆಯಲ್ಲಿ ಬಿರುಕಿದ್ದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಅನಿಲ ಹೊರಗೆ ಬರುವುದಿಲ್ಲ. ಶಕ್ತಿ ಕುಂದುತ್ತದೆ, ಅಷ್ಟೆ. ಬಸ್ಸು ನಿಂತ ಮೇಲೆ ಎಳೆತ ಇಲ್ಲ, ಕೊಳಗದ ಬೆಂಕಿ ಮಾತ್ರ ಆರಿಲ್ಲ. ಆಗ ಅನಿಲ ಸಿಕ್ಕ ಸಂದಿನಿಂದ ಹೊರಬೀಳುತ್ತದೆ. ಬೀಸಣಿಗೆ ತಿರುಗಿಸುವಾಗಲೂ ಹಾಗೆಯೇ. ಬಾಗಿಲು ಮುಚ್ಚಿದ ಶೆಡ್ಡು, ದುಡಿದು ದಣಿದವನು ಚಳಿ ಮಳೆಗೆ ಬೆಚ್ಚಗಿರಲೆಂದು ಬಸ್ಸಿನಲ್ಲೇ ಮಲಗುವ ರೂಢಿ: ಅಪಾಯ ಇದ್ದದ್ದು ಅಲ್ಲಿ. ಇಂದು ಸಣ್ಣ ಕೋಣೆಯಲ್ಲಿ ಕೆಂಡದ ಬಾಣಲೆ ಇಟ್ಟು ಮಲಗಿ ಪ್ರಾಣ ಕಳೆದುಕೊಳ್ಳುವವರ ಸುದ್ದಿ ಆಗಾಗ ಓದುತ್ತೇವೆ. ಅದೇ ಅನಿಲ ಇದು.

ಇದ್ದಿಲು ಎಲ್ಲಿಂದ ಬರಬೇಕು? ಲೆಕ್ಕ ಹಾಕಿದರೆ ಬೆರಗಾಗುತ್ತದೆ. 1 ಲೀಟರ್ ಪೆಟ್ರೋಲಿನ ಕೆಲಸಕ್ಕೆ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋ ಇದ್ದಿಲು. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡುವ ಬಸ್ಸೆಂದು ಇಟ್ಟುಕೊಂಡರೆ ಕಾರ್ಕಳದಿಂದ ಮಂಗಳೂರಿಗೆ, 50 ಕಿಲೋಮೀಟರಿನ ಆಸುಪಾಸಿನ ದಾರಿಗೆ, ಸುಮಾರು 15 ಕಿಲೋ. ಮಣ್ಣಿನ ಗುಂಡಿಯಲ್ಲಿ ಕಟ್ಟಿಗೆ ಸುಟ್ಟು 1 ಕಿಲೋ ಇದ್ದಿಲು ಪಡೆಯಲು ಐದಾರು ಕಿಲೋ ಒಣಕಟ್ಟಿಗೆ ಬೇಕು. ಎಂದರೆ ಒಂದು ಬಸ್ಸಿನ ಒಂದು ಹೋಗುವಿಕೆಗೆ 75ರಿಂದ 90 ಕಿಲೋ ಕಟ್ಟಿಗೆ. ಹಿಂದೆ ಬರಲು ಮತ್ತಷ್ಟು. ಅಡುಗೆ ಒಲೆ, ಹೆಂಚಿನ ಕಾರ್ಖಾನೆ, ಕಮ್ಮಾರನ ಕುಲುಮೆ, ಅಕ್ಕಸಾಲಿಗನ ಅಗ್ಗಿಷ್ಟಿಕೆ, ಮಡಿವಾಳನ ಇಸ್ತ್ರಿ ಪೆಟ್ಟಿಗೆ ಎಲ್ಲವೂ ಈಗಾಗಲೇ ಕಾಡಿನ ಮೇಲೆ ಕೈಯಿಟ್ಟಿದ್ದವು. ಘಟ್ಟದ ಮೇಲೆ ಭದ್ರಾವತಿಯಲ್ಲಿ 1923ರಿಂದಲೇ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಮಲೆನಾಡಿನ ಮರವನ್ನು ಇದ್ದಿಲು ಮಾಡಿ ಅದಿರು ಕರಗಿಸುತ್ತಿತ್ತು. ಈ ಸಾಲಿಗೆ ಬಸ್ಸೂ ಸೇರಿತು. ದೂರದ ಬರ್ಮಾದ ಬಾವಿಗೆ ಬೆಂಕಿ ಬಿದ್ದದ್ದರ ಬೆಲೆಯನ್ನು ಪಶ್ಚಿಮಘಟ್ಟದ ಮರಗಳೂ ತೆತ್ತವು ಎಂಬುದನ್ನು ಯುದ್ಧದ ಇತಿಹಾಸಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಆದರೂ ಬಸ್ಸು ಓಡಿತು. ತಡವಾಗಿ, ಕೆಮ್ಮುತ್ತ, ಕಿಡಿ ಉದುರಿಸುತ್ತ ಓಡಿತು. ಪತ್ರಗಳು ಬಂದವು, ಆಸ್ಪತ್ರೆಗೆ ಹೋಗಬೇಕಾದವರು ಹೋದರು. ಹೊರಗಿನಿಂದ ಬಂದ ಒಂದು ಯಂತ್ರವನ್ನು ಅದರ ತಯಾರಕರು ಎಣಿಸದೇ ಇದ್ದ ಆಹಾರಕ್ಕೆ ಒಗ್ಗಿಸಿದ ಅನುಭವ ಇಲ್ಲಿಯ ಗ್ಯಾರೇಜುಗಳಿಗೆ ದಕ್ಕಿತು. ಕೊಳವೆ ಬೆಸೆಯುವುದು, ಸೋರಿಕೆ ಹುಡುಕುವುದು, ದನಿ ಕೇಳಿ ರೋಗ ಹೇಳುವುದು ಶಾಲೆಯಲ್ಲಿ ಕಲಿತ ವಿದ್ಯೆಯಲ್ಲ. 1948ರಲ್ಲಿ ಮೈಸೂರು ಸರಕಾರ ಬಸ್ಸು ಸಾರಿಗೆಗೆ ಕೈಹಾಕಿದ ಮೇಲೂ, 1956ರಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಇಲ್ಲಿ ಖಾಸಗಿ ಬಸ್ಸುಗಳೇ ಮೇಲುಗೈಯಾಗಿ ಉಳಿದುದಕ್ಕೆ ಕಾರಣಗಳು ಹಲವು. ಕಷ್ಟಕಾಲದಲ್ಲೂ ಗಾಡಿ ನಿಲ್ಲಿಸದ ಈ ಕೈಚಳಕಕ್ಕೂ ಅವುಗಳಲ್ಲಿ ಒಂದು ಪಾಲು ಕೊಡುವುದು ನ್ಯಾಯ.

ಇದೇ ಸೀಮೆಯಲ್ಲಿ ಈಗ ಎಂಜಿನ್ನಿನ ಮೂಗಿನ ವಿದ್ಯೆ ಪಾಠಶಾಲೆಗೂ ಹತ್ತಿದೆ. ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 2007ರಲ್ಲಿ ಕಟ್ಟಿದ ಫಾರ್ಮುಲಾ ಮಣಿಪಾಲ್ ತಂಡ ರೇಸಿನ ಪುಟ್ಟ ಕಾರುಗಳನ್ನು ತಾನೇ ತಯಾರಿಸಿ ಸ್ಪರ್ಧೆಗೆ ಒಯ್ಯುತ್ತದೆ. ಈ ಬಗೆಯ ವಿದ್ಯಾರ್ಥಿ ಸ್ಪರ್ಧೆಗಳಲ್ಲಿ ಪೆಟ್ರೋಲು ಕಾರುಗಳಿಗೆ ಒಂದು ಕಟ್ಟುನಿಟ್ಟಿನ ನಿಯಮ: ಎಂಜಿನ್ ಎಳೆದುಕೊಳ್ಳುವ ಗಾಳಿಯೆಲ್ಲ 20 ಮಿಲ್ಲಿಮೀಟರ್ ಅಗಲದ ಒಂದೇ ತೂತಿನ ಮೂಲಕ ಹಾದುಬರಬೇಕು. ಹೆಚ್ಚುಕಡಿಮೆ ಹೆಬ್ಬೆರಳಿನಷ್ಟು ಅಗಲ. ಆ ತೂತಿನ ಹಿಂದೆ ಕೊಳವೆಯನ್ನು ಎಷ್ಟು ನಯವಾಗಿ ಅಗಲಿಸಬೇಕು, ಗಾಳಿಯನ್ನು ಸಿಲಿಂಡರುಗಳಿಗೆ ಹೇಗೆ ಸಮನಾಗಿ ಹಂಚಬೇಕು ಎಂಬುದರಲ್ಲೇ ವಿದ್ಯಾರ್ಥಿಗಳ ಜಾಣ್ಮೆಯ ಪರೀಕ್ಷೆ. ಗ್ಯಾಸ್ ಪ್ಲಾಂಟಿನವರಿಗೆ ಸಾರವಿಲ್ಲದ ಉಸಿರು, ಇವರಿಗೆ ಬಿಗಿಹಿಡಿದ ಉಸಿರು. ಇದ್ದುದರಲ್ಲೇ ಹೆಚ್ಚು ಕೆಲಸ ತೆಗೆಯುವ ಹಟ ಎರಡೂ ಕಡೆ ಒಂದೇ.

ಕಾನೂನು ಮಾತ್ರ ತಿರುವುಮುರುವಾಗಿದೆ. ಯುದ್ಧಕಾಲದಲ್ಲಿ ಪೆಟ್ರೋಲಿಗೆ ಲಗಾಮು ಹಾಕಿ, ಎಂಜಿನ್ನಿನ ಮೂಗನ್ನು ಬದಲಿಸಿಕೊಳ್ಳದೆ ಬಸ್ಸಿನವರಿಗೆ ಬೇರೆ ದಾರಿಯಿಲ್ಲದಂತೆ ಮಾಡಿದ್ದು ಸರಕಾರವೇ. ಇಂದಿನ ಮೋಟಾರು ವಾಹನ ಕಾಯಿದೆ ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಖಚಿತಪಡಿಸಿತು. ಅಂಗಳದಲ್ಲಿ ಬಾನೆಟ್ ಎತ್ತಿದ ಯುವಕನಿಗೆ ಈ ಸಂಗತಿ ತಿಳಿದಿದ್ದರೆ ಒಳ್ಳೆಯದು.

ಯುದ್ಧ ಮುಗಿದು ಪೆಟ್ರೋಲು ಮತ್ತೆ ಸಿಗತೊಡಗಿದಂತೆ ಪ್ಲಾಂಟುಗಳು ಒಂದೊಂದಾಗಿ ಕಳಚಿಕೊಂಡವು. ಅವನ್ನು ಉಳಿಸಿಕೊಳ್ಳಬೇಕೆಂಬ ಆಸೆ ಯಾರಿಗೂ ಇದ್ದಂತಿಲ್ಲ. ಅಷ್ಟು ಕಾಟ ಕೊಟ್ಟ ಒಲೆಯನ್ನು ನೆನಪಿಗೆಂದು ಇಟ್ಟುಕೊಳ್ಳುವವರು ಯಾರು? 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಮರ್ಸಿಡಿಸ್ ಬೆಂಜ್ ಸಹಯೋಗದಲ್ಲಿ ಲಾರಿ ತಯಾರಿಸತೊಡಗಿದ ಮೇಲೆ ಡೀಸೆಲ್ ಎಂಜಿನ್ನುಗಳ ಕಾಲ ಬಂತು. ಡೀಸೆಲ್ ಎಂಜಿನ್ನಿಗೆ ಕಾರ್ಬ್ಯುರೇಟರೂ ಇಲ್ಲ, ಸ್ಪಾರ್ಕೂ ಇಲ್ಲ. ಅದು ಎಳೆದುಕೊಳ್ಳುವುದು ಬರಿಯ ಗಾಳಿಯನ್ನು. ಹನುಮಾನ್, ಶಂಕರ ವಿಠಲ್ ಮುಂತಾದ ಹೆಸರುಗಳ ಬಸ್ಸುಗಳಲ್ಲಿ ಓಡಾಡಿ ಬೆಳೆದ ಮುಂದಿನ ತಲೆಮಾರಿಗೆ ಇದ್ದಿಲಿನ ಬಸ್ಸು ಅಜ್ಜ ಹೇಳುವ ಕಥೆಯಾಯಿತು.

ಕಥೆ ಮುಗಿಯಿತೆಂದುಕೊಂಡಾಗ 1973ರಲ್ಲಿ ಕಚ್ಚಾ ತೈಲದ ಬೆಲೆ ಜಗತ್ತಿನಾದ್ಯಂತ ಏರಿತು. ಹಳೆಯ ಕುಲುಮೆಯ ಪುಸ್ತಕಗಳನ್ನು ಮತ್ತೆ ತೆರೆದು ಧೂಳು ಕೊಡವಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು. ಮೇಲ್ಭಾಗ ತೆರೆದಿರುವ ಹೊಸ ಮಾದರಿಯ ಕಟ್ಟಿಗೆ ಅನಿಲ ಘಟಕವೊಂದನ್ನು ಅವರು ರೂಪಿಸಿದರು. 1988ರಲ್ಲಿ ಅದು ತುಮಕೂರು ಜಿಲ್ಲೆಯ ಹೊಸಹಳ್ಳಿ ಎಂಬ ಪುಟ್ಟ ಊರಿಗೆ ಹೋಯಿತು. ವಿದ್ಯುತ್ತಿಲ್ಲದ ಆ ಊರಿನಲ್ಲಿ ಅದು ದೀಪ ಉರಿಸಿತು, ಕುಡಿಯುವ ನೀರೆತ್ತಿತು, ಹಿಟ್ಟಿನ ಗಿರಣಿ ತಿರುಗಿಸಿತು. ಕಟ್ಟಿಗೆಯನ್ನು ಕಾಡಿನಿಂದಲ್ಲ, ಅದಕ್ಕೆಂದೇ ಬೆಳೆಸಿದ ತೋಪಿನಿಂದ ತರುವ ಏರ್ಪಾಡೂ ಇತ್ತು. ಕಾರ್ಕಳದ ಬಸ್ಸುಗಳ ಕಾಲದಲ್ಲಿ ಯಾರಿಗೂ ಹೊಳೆಯದಿದ್ದ ಸಂಗತಿ ಅದು. ಅಲ್ಲಿದ್ದುದು ಸಾಧಾರಣ ಡೀಸೆಲ್ ಎಂಜಿನ್. ಕಟ್ಟಿಗೆಯಿಂದ ಬಂದ ಅನಿಲವನ್ನು ತಣಿಸಿ, ಸೋಸಿ, ಆ ಎಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆಯ ಬಾಯಿಗೇ ತಂದು ಜೋಡಿಸಿದ್ದರು.